ಸಮುದಾಯ ಆರೋಗ್ಯ ಸೇವೆ: ರೋಗಿಯನ್ನೂ ಕೇಳಿ

ಮಾನ್ಯ ಸಂಪಾದಕರೇ,

ಏಷ್ಯಾದ ಬಹುಜನಾಂಗೀಯ ದೇಶಗಳಲ್ಲಿ ಸಮುದಾಯ ಮಟ್ಟದ ಆರೋಗ್ಯ ಸೇವೆಯ ಮಾತು ಬಂದಾಗಲೆಲ್ಲ ಎಷ್ಟು ಕೇಂದ್ರಗಳು ತೆರೆದವು, ಎಷ್ಟು ಜನರ ತಪಾಸಣೆ ನಡೆಯಿತು ಎಂಬ ಲೆಕ್ಕವೇ ಮುಂದೆ ಬರುತ್ತದೆ. ಅಲ್ಲಿಗೆ ಹೋಗಿಬಂದ ರೋಗಿಗೆ ವೈದ್ಯರು ಹೇಳಿದ್ದು ತಿಳಿಯಿತೇ, ತನ್ನ ತೊಂದರೆಯನ್ನು ಬಾಯಿಬಿಟ್ಟು ಹೇಳಲಾಯಿತೇ ಎಂದು ವಿಚಾರಿಸುವವರು ಕಡಿಮೆ. ತಮ್ಮ ಆರೋಗ್ಯ ಸೇವೆಯನ್ನು ಯೋಜಿಸುವುದರಲ್ಲಿ ಮತ್ತು ಜಾರಿಗೊಳಿಸುವುದರಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಪ್ರಾಥಮಿಕ ಆರೋಗ್ಯ ಸೇವೆಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಅಲ್ಮಾ-ಆಟಾ ಘೋಷಣೆ ಸಾರಿತ್ತು. ಇವೆರಡರಲ್ಲಿ ಕರ್ತವ್ಯವನ್ನಷ್ಟೇ ಸರ್ಕಾರಗಳು ಚೆನ್ನಾಗಿ ನೆನಪಿಟ್ಟುಕೊಂಡಂತಿದೆ.

ಮಲೇಷ್ಯಾದ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಅಲ್ಲಿನ ನಾಗರಿಕರು ಒಂದು ರಿಂಗಿಟ್ ಕೊಟ್ಟು ವೈದ್ಯರನ್ನು ಕಾಣಬಹುದು. ಹಣದ ಅಡ್ಡಿಯನ್ನು ಇಷ್ಟರಮಟ್ಟಿಗೆ ಕಡಿಮೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಆದರೆ ಮಲಯರು, ಚೀನೀಯರು, ತಮಿಳರು, ಸಬಾ ಮತ್ತು ಸರವಾಕ್‌ನ ಮೂಲನಿವಾಸಿಗಳು ಒಂದೇ ವ್ಯವಸ್ಥೆಯನ್ನು ನೆಚ್ಚಿಕೊಂಡಿರುವಾಗ ಹಣದಿಂದ ನೀಗದ ತೊಡಕುಗಳು ಉಳಿದೇ ಉಳಿಯುತ್ತವೆ. ಸಿಂಗಪುರದಲ್ಲಿ ನಾಲ್ಕು ಅಧಿಕೃತ ಭಾಷೆಗಳಿದ್ದರೂ ಹೊಕ್ಕಿಯನ್ ಅಥವಾ ತಿಯೋಚ್ಯೂ ಎಂಬ ಚೀನೀ ಉಪಭಾಷೆಯನ್ನು ಮಾತ್ರ ಸಲೀಸಾಗಿ ಆಡಬಲ್ಲ ವೃದ್ಧರಿಗೆ ಆ ನಾಲ್ಕರಲ್ಲಿ ಒಂದೂ ಮನೆಮಾತಲ್ಲ. ಅಂಥ ತಾಯಿಯೊಬ್ಬಳನ್ನು ಮಗ ಕರೆದುಕೊಂಡು ಬಂದಿದ್ದಾನೆ ಎಂದಿಟ್ಟುಕೊಳ್ಳಿ. ವೈದ್ಯರ ಪ್ರಶ್ನೆಗಳಿಗೆಲ್ಲ ಮಗನೇ ಉತ್ತರಿಸುತ್ತಾನೆ, ತಾಯಿ ತಲೆಯಾಡಿಸುತ್ತಾಳೆ. ಮೂತ್ರ ಹಿಡಿದಿಟ್ಟುಕೊಳ್ಳಲಾಗದ ಸಂಕಟವನ್ನು ಮಗನ ಎದುರಿನಲ್ಲಿ ಆಕೆ ಹೇಗೆ ಹೇಳಿಯಾಳು? ರಕ್ತದೊತ್ತಡದ ಮಾತ್ರೆ ಮುಂದುವರಿಯುತ್ತದೆ, ಬಂದ ಕಾರಣ ಹಾಗೇ ಉಳಿಯುತ್ತದೆ, ದಾಖಲೆಯಲ್ಲಿ ಮಾತ್ರ ಭೇಟಿ ಯಶಸ್ವಿ.

ಮಧುಮೇಹದ ವಿಷಯದಲ್ಲಿ ಈ ಮೌನ ಇನ್ನೂ ಅಪಾಯಕಾರಿ. ಸಿಂಗಪುರದಲ್ಲಿ ಚೀನೀಯರಿಗಿಂತ ಮಲಯರಲ್ಲಿಯೂ ಭಾರತೀಯ ಮೂಲದವರಲ್ಲಿಯೂ ಈ ಕಾಯಿಲೆ ಹೆಚ್ಚು. ರಂಜಾನ್ ತಿಂಗಳಲ್ಲಿ ಉಪವಾಸವಿರುವ ರೋಗಿಗೆ ನಸುಕಿನ ಊಟ ಮತ್ತು ಸಂಜೆಯ ಊಟಕ್ಕೆ ತಕ್ಕಂತೆ ಇನ್ಸುಲಿನ್ ಪ್ರಮಾಣವನ್ನು ಮೊದಲೇ ಹೊಂದಿಸಿಕೊಡಬೇಕಾಗುತ್ತದೆ. ಅದರ ಬದಲು ‘ಉಪವಾಸ ಬೇಡ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ, ರೋಗಿ ಒಪ್ಪಿದಂತೆ ಎದ್ದುಹೋಗಿ, ಉಪವಾಸವನ್ನೂ ಮಾಡಿ, ಔಷಧವನ್ನು ತನಗೆ ತೋಚಿದಂತೆ ಕಡಿಮೆ ಮಾಡಿಕೊಳ್ಳುತ್ತಾನೆ ಅಥವಾ ಬಿಟ್ಟೇಬಿಡುತ್ತಾನೆ. ಸಕ್ಕರೆಯ ಅಂಶ ದಿಢೀರನೆ ಕುಸಿದು ತಲೆಸುತ್ತಿ ಬಿದ್ದ ಮೇಲೆಯೇ ಸಂಗತಿ ಹೊರಬೀಳುತ್ತದೆ. ಚೀನೀ ಗಿಡಮೂಲಿಕೆ, ಜಾಮು ಎಂಬ ಮಲಯ-ಇಂಡೋನೇಷ್ಯಾದ ನಾಟಿ ಮದ್ದು, ತಮಿಳರ ಸಿದ್ಧ ವೈದ್ಯಪದ್ಧತಿಯ ಔಷಧಗಳನ್ನು ಜೊತೆಗೆ ಸೇವಿಸುವವರೂ ಬೈಗುಳಕ್ಕೆ ಹೆದರಿ ಸುಮ್ಮನಿರುತ್ತಾರೆ.

ಸಿಂಗಪುರವು 2023ರ ಜುಲೈಯಲ್ಲಿ ಆರಂಭಿಸಿದ ‘ಹೆಲ್ದಿಯರ್ ಎಸ್‌ಜಿ’ ಯೋಜನೆಯಲ್ಲಿ 40 ವರ್ಷ ದಾಟಿದವರು ತಮಗೊಪ್ಪುವ ಚಿಕಿತ್ಸಾಲಯವೊಂದನ್ನು ಆರಿಸಿಕೊಂಡು ಅಲ್ಲಿಯೇ ನೋಂದಾಯಿಸಿಕೊಳ್ಳುತ್ತಾರೆ. ಪ್ರತಿ ಸಲ ಹೊಸ ವೈದ್ಯರೆದುರು ಮೊದಲಿನಿಂದ ಕಥೆ ಹೇಳಬೇಕಾದ ರೋಗಿಗೆ ಇದು ಖಂಡಿತ ನೆಮ್ಮದಿಯ ವಿಚಾರ. ಪರಿಚಯ ಬೆಳೆದಲ್ಲಿ ಸಂಕೋಚ ಕಡಿಮೆಯಾಗುತ್ತದೆ.

ವೈದ್ಯರಿಗಿಂತ ಮೊದಲೇ ಈ ಪರಿಚಯವನ್ನು ಗಳಿಸಿಕೊಂಡವರು ಊರಿನ ಆರೋಗ್ಯ ಕಾರ್ಯಕರ್ತರು. ಥಾಯ್ಲೆಂಡಿನಲ್ಲಿ ಹತ್ತು ಲಕ್ಷದಷ್ಟು ಗ್ರಾಮ ಸ್ವಯಂಸೇವಕರಿದ್ದಾರೆ. ನೇಪಾಳದಲ್ಲಿ 1988ರಿಂದ ಮಹಿಳಾ ಸ್ವಯಂಸೇವಕಿಯರು ದುಡಿಯುತ್ತಿದ್ದಾರೆ. ನಮ್ಮ ದೇಶದಲ್ಲಿ 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯರನ್ನು ತಂದಿತು. ಆಶಾ ಅದೇ ಊರಿನ ನಿವಾಸಿಯಾಗಿರಬೇಕೆಂಬ ನಿಯಮ ಇಡೀ ಯೋಜನೆಯ ಅತ್ಯಂತ ವಿವೇಕದ ಭಾಗವೆಂದು ನನ್ನ ಅನಿಸಿಕೆ. ಯಾರ ಮನೆಯಲ್ಲಿ ಯಾವ ಮಾತ್ರೆ ಡಬ್ಬಿಯಲ್ಲೇ ಉಳಿದಿದೆ ಎಂಬುದು ಇಂಥವರಿಗೆ ಗೊತ್ತು. ಆದರೆ ಅವರು ತುಂಬುವ ನಮೂನೆಗಳಲ್ಲಿ ಆ ಸಂಗತಿಗೆ ಜಾಗವಿಲ್ಲ, ಅವರ ಕೆಲಸಕ್ಕೆ ಸಂಬಳದ ಬದಲು ಗೌರವಧನ.

ರೋಗಿಗಳ ಅಭಿಪ್ರಾಯ ಸಂಗ್ರಹವನ್ನೂ ಚಿಕಿತ್ಸಾಲಯದ ಸಿಬ್ಬಂದಿಯೇ, ಔಷಧದ ಸರದಿಯಲ್ಲಿ ನಿಂತವರ ಕೈಗೆ ಹಾಳೆ ಕೊಟ್ಟು ನಡೆಸಿದರೆ ಎಲ್ಲರೂ ‘ತೃಪ್ತಿಕರ’ ಎಂದೇ ಗುರುತು ಹಾಕುತ್ತಾರೆ. ನಾಳೆಯೂ ಅಲ್ಲಿಗೇ ಬರಬೇಕಲ್ಲ! ಈ ಕೆಲಸವನ್ನು ಹೊರಗಿನವರಿಗೆ ವಹಿಸಿ, ರೋಗಿಯ ಮನೆಮಾತಿನಲ್ಲಿ, ಬಂಧುಗಳ ಗೈರಿನಲ್ಲಿ ನಡೆಸಬೇಕು. ತರಬೇತಿ ಪಡೆದ ದುಭಾಷಿಗಳನ್ನು ವೈದ್ಯರಷ್ಟೇ ಅಗತ್ಯವೆಂದು ಬಗೆದು ಆಯವ್ಯಯದಲ್ಲಿ ಅವರಿಗೆ ಹಣ ತೆಗೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೆರಡು ಸಲ ಬಂದು ಆಮೇಲೆ ಬಾರದೇ ಹೋದವರನ್ನು ಹುಡುಕಿ, ಏಕೆ ಬಿಟ್ಟಿರಿ ಎಂದು ಕೇಳಿ, ಆ ಉತ್ತರಗಳನ್ನು ವಾರ್ಷಿಕ ವರದಿಯಲ್ಲಿ ಪ್ರಕಟಿಸಬೇಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ