ರೇ ಪ್ರೈಸ್ ಅವರ ನಡಿಗೆ: ಯುವ ಬರಹಗಾರರಿಗೆ ಒಂದು ಪತ್ರ

ಪ್ರಿಯ ಮಿತ್ರರೇ,

ನಿಮ್ಮ ಕಥೆಗಳ ಮೇಲೆ ಹಿರಿಯರೊಬ್ಬರ ನೆರಳು ದಟ್ಟವಾಗಿ ಬಿದ್ದಿದೆ ಎಂಬ ವಿಮರ್ಶೆಯಿಂದ ನೊಂದು, ಬರೆಯುವುದನ್ನೇ ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ನಿಲ್ಲಿಸಬೇಡಿ. ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತದ ಗಾಯಕ ರೇ ಪ್ರೈಸ್ ಅವರ ಹಾಡುಗಳನ್ನು ಕಾಲಾನುಕ್ರಮದಲ್ಲಿ ಕೇಳಿ ಎಂಬುದು ನನ್ನ ಕೋರಿಕೆ.

1926ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದ ಪ್ರೈಸ್, ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ಗೆ ಬಂದ ಹೊಸತರಲ್ಲಿ ಆಗಿನ ಪ್ರಸಿದ್ಧ ಗಾಯಕ ಹ್ಯಾಂಕ್ ವಿಲಿಯಮ್ಸ್ ಅವರೊಡನೆ ಒಂದೇ ಮನೆಯಲ್ಲಿದ್ದವರು. 1953ರ ಹೊಸ ವರ್ಷದ ದಿನ ವಿಲಿಯಮ್ಸ್ ತೀರಿಕೊಂಡ ಬಳಿಕ ಅವರ ವಾದ್ಯಗಾರರನ್ನೇ ಜತೆಗಿಟ್ಟುಕೊಂಡು ಹಾಡಿದಾಗ, ಕೇಳುಗರಿಗೆ ತೀರಿಹೋದವರ ದನಿಯೇ ಕೇಳಿಸುತ್ತಿತ್ತು. ಅದನ್ನು ಹೊಗಳಿಕೆಯೆಂದು ಭಾವಿಸಿ ಕೂರದೆ ಅವರು ಚೆರೋಕೀ ಕೌಬಾಯ್ಸ್ ಎಂಬ ಸ್ವಂತ ತಂಡ ಕಟ್ಟಿಕೊಂಡರು.

ಅವರು ಹಾಡುತ್ತಿದ್ದ ಹಾಂಕಿ ಟಾಂಕ್ ಎಂಬುದು ದುಡಿದು ದಣಿದವರು ಕುಡಿದು ಕುಣಿಯುವ ಮದ್ಯದಂಗಡಿಗಳಲ್ಲಿ ಬೆಳೆದ ಸಂಗೀತ. ಗದ್ದಲವನ್ನು ಮೀರಿ ಕೇಳಿಸಬೇಕಾದ ಅನಿವಾರ್ಯತೆಯೇ ಅದಕ್ಕೆ ವಿದ್ಯುತ್ ಗಿಟಾರನ್ನೂ ಗಟ್ಟಿ ತಾಳವನ್ನೂ ಕೊಟ್ಟಿತು. 1956ರ ‘ಕ್ರೇಜಿ ಆರ್ಮ್ಸ್’ ಹಾಡಿನಲ್ಲಿ ಪ್ರೈಸ್ ಈ ತಾಳದ ಮೇಲೆಯೇ ಕೈಯಿಟ್ಟರು. ಆವರ್ತಕ್ಕೆ ಎರಡೇ ಪೆಟ್ಟು ಹಾಕುವ ರೂಢಿಯಿದ್ದ ಬೇಸ್ ವಾದ್ಯ ಇಲ್ಲಿ ನಾಲ್ಕೂ ಮಾತ್ರೆಗಳ ಮೇಲೆ ಹೆಜ್ಜೆಯಿಡುತ್ತದೆ, ಅದರ ಮೇಲೆ ಪಿಟೀಲು ಒಂಟಿಯಾಗಿ ಎಳೆಯುತ್ತದೆ. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 20 ವಾರ ಮೊದಲ ಸ್ಥಾನದಲ್ಲಿದ್ದ ಈ ಹಾಡಿನ ನಡೆಗೆ ಅವರ ಹೆಸರೇ ಅಂಟಿಕೊಂಡಿತು. ಹಾಡನ್ನು ಬರೆದವರು ಬೇರೆಯವರು ಎಂಬುದನ್ನು ನೀವು ಗಮನಿಸಬೇಕು. ನಿಮ್ಮ ವಾಕ್ಯಗಳಲ್ಲಿಯೂ ಮೊದಲು ತಿದ್ದಬೇಕಾದದ್ದು ಪದಗಳನ್ನಲ್ಲ, ಅವುಗಳ ನಡಿಗೆಯನ್ನು.

1963ರ ‘ನೈಟ್ ಲೈಫ್’ ಆಲ್ಬಮ್ಮನ್ನು ಮಾತ್ರ ಬಿಡಿಬಿಡಿಯಾಗಿ ಕೇಳಬೇಡಿ. ಅದು ಹಾಡಿನಿಂದ ಶುರುವಾಗುವುದಿಲ್ಲ. ಬಡ್ಡಿ ಎಮನ್ಸ್ ಅವರ ಸ್ಟೀಲ್ ಗಿಟಾರಿನ (ತಂತಿಗಳ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ಗಿಟಾರ್) ನಾದದ ಮೇಲೆ ಪ್ರೈಸ್ ಸಾವಕಾಶವಾಗಿ ಕೇಳುಗರೊಡನೆ ಮಾತನಾಡುತ್ತಾರೆ, ಆಮೇಲೆ ಆ ಮಾತೇ ಹಾಡಾಗುತ್ತದೆ. ಶೀರ್ಷಿಕೆ ಗೀತೆಯನ್ನು ರಚಿಸಿದ ವಿಲ್ಲಿ ನೆಲ್ಸನ್, ಹಣದ ಅಡಚಣೆಯಲ್ಲಿ ಅದರ ಹಕ್ಕನ್ನು 150 ಡಾಲರಿಗೆ ಮಾರಿಕೊಂಡಿದ್ದವರು. ಮುಂದೆ ಪ್ರೈಸ್ ಅವರ ತಂಡದಲ್ಲೇ ಬೇಸ್ ನುಡಿಸಿದರು. ತಮ್ಮ ಹೆಸರು ಹೊತ್ತ ಆ ಪ್ರಸಿದ್ಧ ತಾಳವನ್ನು ಇಲ್ಲಿ ಬದಿಗಿಟ್ಟು, ಪ್ರೈಸ್ ಕಪ್ಪು ಅಮೆರಿಕನ್ನರ ಬ್ಲೂಸ್ ಸಂಗೀತದ ವಿಳಂಬ ಗತಿಯಲ್ಲಿ ಹಾಡಿದ್ದಾರೆ. ಮುಂದೆ ‘ಲೋನ್ಲಿ ಸ್ಟ್ರೀಟ್’, ‘ದ ವೈಲ್ಡ್ ಸೈಡ್ ಆಫ್ ಲೈಫ್’ ಮುಂತಾಗಿ ಬೇರೆ ಬೇರೆ ಕೈಗಳ ರಚನೆಗಳು ಬಂದರೂ ಒಂದೇ ರಾತ್ರಿಯ, ಒಬ್ಬನೇ ಮನುಷ್ಯನ ಕಥೆ ಕೇಳಿದಂತಾಗುತ್ತದೆ. ಇಷ್ಟು ಒಗ್ಗಟ್ಟಿರುವ ಕಥಾಸಂಕಲನಗಳನ್ನು ನಾನು ಹೆಚ್ಚು ಕಂಡಿಲ್ಲ.

1967ರಲ್ಲಿ ತಂತಿವಾದ್ಯಗಳ ದೊಡ್ಡ ಮೇಳದೊಂದಿಗೆ ‘ಡ್ಯಾನಿ ಬಾಯ್’ ಹಾಡಿದಾಗ ಹಳೆಯ ಅಭಿಮಾನಿಗಳು ಸಿಟ್ಟಾದರು. ಪ್ರೈಸ್ ಹಿಂದಿರುಗಲಿಲ್ಲ, 1970ರ ‘ಫಾರ್ ದ ಗುಡ್ ಟೈಮ್ಸ್’ ಅವರಿಗೆ ಗ್ರ್ಯಾಮಿ ಪ್ರಶಸ್ತಿ ತಂದಿತು. 2013ರಲ್ಲಿ ತೀರಿಕೊಳ್ಳುವವರೆಗೂ ಎರಡೂ ಬಗೆಯ ಹಾಡುಗಳು ಅವರವೇ ಆಗಿದ್ದವು.

ನಿಮ್ಮ ಸಂಕಲನದ ಕಥೆಗಳೆಲ್ಲ ಒಂದೇ ವೇಗದಲ್ಲಿ ಓಡುತ್ತಿವೆ. ತಾಯಿ ಬಸ್ಸಿಗಾಗಿ ಕಾಯುವ ಕಥೆಯನ್ನು ಮೊದಲಿಗೆ ತಂದು, ಅದರ ಆರಂಭದ ಎರಡು ಪುಟಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಾ ನಿಧಾನಗೊಳಿಸಿ, ಮತ್ತೆ ನನಗೆ ಕಳಿಸಿಕೊಡಿ.

ನಿಮ್ಮ ಹಿತೈಷಿ