ವಾರದ ಪೆನ್ನಿನ ಜತೆ ಕನ್ನಡದ ಹಾಳೆಯೂ ಇರಲಿ

ಮಾನ್ಯ ಸಂಪಾದಕರೇ,

ಚನ್ನರಾಯಪಟ್ಟಣದಲ್ಲಿ 23 ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. 2025ರಲ್ಲಿ ಮಧುಮೇಹಕ್ಕೆ, ತೂಕ ಇಳಿಸಲಿಕ್ಕೆ ಕೊಡುವ ಚುಚ್ಚುಮದ್ದುಗಳಾದ ಮೌಂಜಾರೊ, ವೆಗೋವಿ, ಒಜೆಂಪಿಕ್ ಒಂದರ ಹಿಂದೊಂದು ಭಾರತಕ್ಕೆ ಬಂದಾಗ ಇವೆಲ್ಲ ಬೆಂಗಳೂರಿನವರ ಔಷಧ ಎಂದುಕೊಂಡಿದ್ದೆ. 2026ರ ಮಾರ್ಚ್‌ನಲ್ಲಿ ವೆಗೋವಿ, ಒಜೆಂಪಿಕ್‌ಗಳಲ್ಲಿರುವ ಸೆಮಾಗ್ಲುಟೈಡ್ ಎಂಬ ಔಷಧದ ಪೇಟೆಂಟ್ ಮುಗಿದು, ಬೇರೆ ಕಂಪನಿಗಳೂ ಅದನ್ನು ತಯಾರಿಸಬಹುದಾದ ಮೇಲೆ ನಮ್ಮ ಅಂಗಡಿಯಲ್ಲೂ ಅದನ್ನು ಕೇಳುವವರು ಹೆಚ್ಚಿದ್ದಾರೆ.

ಮೊನ್ನೆ ನಮ್ಮ ಖಾಯಂ ಗಿರಾಕಿ, ಅರವತ್ತು ದಾಟಿದ ರೈತರೊಬ್ಬರು, ವೈದ್ಯರ ಚೀಟಿ ತೋರಿಸಿ ಸೆಮಾಗ್ಲುಟೈಡ್ ಪೆನ್ (ಪೆನ್ನಿನ ಆಕಾರದ ಚುಚ್ಚುಮದ್ದು) ಕೊಂಡರು. ಹಣ ಎಣಿಸುತ್ತಾ, “ಇದನ್ನೂ ಎರಡು ಹೊತ್ತು ಊಟಕ್ಕೆ ಮೊದಲೇ ತಾನೇ, ತಾಯಿ?” ಎಂದರು. ಎದೆ ಧಸಕ್ಕೆಂದಿತು. ಅವರು ವರ್ಷಗಳಿಂದ ಬೆಳಿಗ್ಗೆ, ರಾತ್ರಿ ಇನ್ಸುಲಿನ್ ಚುಚ್ಚಿಕೊಳ್ಳುವವರು. ನೋಡಲು ಇನ್ಸುಲಿನ್ ಪೆನ್ನೂ ಹೀಗೆಯೇ ಇರುತ್ತದೆ. ಡಬ್ಬಿಯೊಳಗಿನ ಹಾಳೆ ಬಿಡಿಸಿದರೆ ಮೇಜು ತುಂಬುವಷ್ಟು ಇಂಗ್ಲಿಷ್, ಸಾಸಿವೆ ಕಾಳಿನಂಥ ಅಕ್ಷರ.

ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದೆ: ಇದು ಇನ್ಸುಲಿನ್ ಅಲ್ಲ. ಉಂಡಾಗ ನಮ್ಮ ಕರುಳೇ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ, ಅದು ನಿಮಿಷಗಳಲ್ಲಿ ಕರಗಿಹೋಗುತ್ತದೆ. ಈ ಔಷಧ ಅದರ ಕೆಲಸವನ್ನೇ ಮಾಡುತ್ತದೆ. ಸಕ್ಕರೆ ಏರಿದಾಗ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಹಸಿವನ್ನು ತಗ್ಗಿಸುತ್ತದೆ. ಒಮ್ಮೆ ಚುಚ್ಚಿದ್ದು ವಾರ ಕಳೆದರೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ, ಹಾಗಾಗಿ ಇದನ್ನು ವಾರಕ್ಕೆ ಒಮ್ಮೆ ಮಾತ್ರ ಚುಚ್ಚಿಕೊಳ್ಳಬೇಕು. ದಿನವೂ ಚುಚ್ಚಿಕೊಂಡರೆ ವಾಂತಿ ನಿಲ್ಲದೆ ಆಸ್ಪತ್ರೆ ಸೇರಬೇಕಾದೀತು. “ಹಾಗಾದರೆ ಸಂತೆಯ ದಿನ ಚುಚ್ಚಿಕೊಳ್ಳುತ್ತೇನೆ, ಮರೆಯುವುದಿಲ್ಲ” ಎಂದರು. ಇನ್ಸುಲಿನ್ ಜತೆ ಇದು ಸೇರಿದರೆ ಸಕ್ಕರೆ ತೀರಾ ಇಳಿಯಬಹುದಾದ್ದರಿಂದ, ಅವರ ವೈದ್ಯರಿಗೆ ಫೋನ್ ಮಾಡಿ ಇನ್ಸುಲಿನ್ ಪ್ರಮಾಣವನ್ನು ಕೇಳಿ ಬರೆದುಕೊಟ್ಟೆ.

ಇನ್ನೊಬ್ಬ ಗೃಹಿಣಿ ಪೆನ್ನನ್ನು ಫ್ರೀಜರಿನಲ್ಲಿಟ್ಟಿದ್ದರು. ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ, ಸಾವಿರಾರು ರೂಪಾಯಿ ಕಸಕ್ಕೆ. ಮತ್ತೊಬ್ಬರು, ಮೊದಲ ನಾಲ್ಕು ವಾರದ 0.25 ಮಿಲಿಗ್ರಾಂ ದೇಹವನ್ನು ಒಗ್ಗಿಸಲಿಕ್ಕಷ್ಟೇ ಎಂದು ತಿಳಿಯದೆ, “ಸಕ್ಕರೆ ಇಳಿಯಲೇ ಇಲ್ಲ” ಎಂದು ನಿಲ್ಲಿಸಿಬಿಟ್ಟಿದ್ದರು. ಮದುವೆಗೆ ಮುಂಚೆ ತೂಕ ಇಳಿಸಲು ಚೀಟಿಯಿಲ್ಲದೆ ಕೇಳಿ ಬರುವವರಿಗೆ ನಾನು ಕೊಡುವುದಿಲ್ಲ. ಮೇದೋಜೀರಕ ಗ್ರಂಥಿಯ ಉರಿಯೂತ ಆಗಿತ್ತೇ, ಮನೆತನದಲ್ಲಿ ಥೈರಾಯಿಡ್ ಕ್ಯಾನ್ಸರ್ ಇತ್ತೇ ಎಂದು ವೈದ್ಯರು ವಿಚಾರಿಸಿಯೇ ಬರೆಯಬೇಕಾದ ಔಷಧ ಇದು.

ತಯಾರಕರು ಪ್ರತಿ ಡಬ್ಬಿಯಲ್ಲಿ ದಪ್ಪಕ್ಷರದ ಒಂದು ಪುಟದ ಕನ್ನಡ ಸೂಚನೆ ಇಡಬೇಕು. ಔಷಧ ನಿಯಂತ್ರಣ ಇಲಾಖೆ ಇದನ್ನು ಕಡ್ಡಾಯ ಮಾಡಿಸಲು ಮುಂದಾಗಬೇಕು. ಸದ್ಯಕ್ಕೆ ನಾನೇ ಬರೆದು, ಜೆರಾಕ್ಸ್ ಮಾಡಿಸಿ, ಪ್ರತಿ ಪೆನ್ನಿನ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಿದ್ದೇನೆ. ಇಲಾಖೆಗೆ ಬೇಕಿದ್ದರೆ ಆ ಹಾಳೆಯನ್ನು ಕಳುಹಿಸಿಕೊಡುತ್ತೇನೆ.

– ಔಷಧ ವ್ಯಾಪಾರಿ, ಚನ್ನರಾಯಪಟ್ಟಣ