ಪ್ರಯೋಗಕ್ಕೆ ಮೊದಲೇ ಬರೆದಿಟ್ಟ ಅಂದಾಜನ್ನು ಕೇಳಿ: ಲಿವರ್‌ಮೋರ್ ಪ್ರತಿನಿಧಿಗೊಂದು ಬಹಿರಂಗ ಪತ್ರ

ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಲಿವರ್‌ಮೋರ್ ಭಾಗವನ್ನು ಪ್ರತಿನಿಧಿಸುವ ಮಾನ್ಯ ಸದಸ್ಯರಿಗೆ,

ನಮಸ್ಕಾರ.

ಲಾಸ್ ಅಲಾಮೋಸ್, ಲಿವರ್‌ಮೋರ್, ಸ್ಯಾಂಡಿಯಾ ಈ ಮೂರು ಅಣ್ವಸ್ತ್ರ ಪ್ರಯೋಗಾಲಯಗಳಲ್ಲಿ ನಡೆಯುವ ವಿಜ್ಞಾನ ಎಷ್ಟು ಗಟ್ಟಿ ಎಂದು ಅಳೆಯುವ ರೀತಿ ಬದಲಾಗಬೇಕೆಂದು ಕೇಳಿಕೊಳ್ಳಲು ಈ ಪತ್ರ. ಪ್ರತಿವರ್ಷ ನಿಮ್ಮ ಮುಂದೆ ಬರುವ ರಕ್ಷಣಾ ಮಸೂದೆಯಲ್ಲಿ ನಾಲ್ಕು ಸಾಲು ಸೇರಿಸಿದರೆ ಆಗುವ ಕೆಲಸವಿದು. ಪ್ರಯೋಗಾಲಯದ ನೆರೆಯ ಪ್ಲೆಸಂಟನ್, ಡಬ್ಲಿನ್‌ಗಳಲ್ಲಿ ನೆಲೆಸಿರುವ ಕನ್ನಡಿಗರೂ ಓದಿ ನಿಮ್ಮನ್ನು ಪ್ರಶ್ನಿಸಲಿ ಎಂದೇ ಕನ್ನಡದಲ್ಲಿ ಬರೆದಿದ್ದೇವೆ.

ಅಮೆರಿಕ ಕೊನೆಯ ಬಾರಿ ಅಣ್ವಸ್ತ್ರ ಸ್ಫೋಟಿಸಿ ನೋಡಿದ್ದು 1992ರ ಸೆಪ್ಟೆಂಬರ್ 23ರಂದು, ನೆವಾಡಾದಲ್ಲಿ. ಅಂದಿನಿಂದ ಇಂದಿನವರೆಗೆ ಅಸ್ತ್ರಗಳು ಸುರಕ್ಷಿತವಾಗಿವೆ, ನಂಬಬಹುದು ಎಂದು ಹೇಳುತ್ತಿರುವುದು ಲೆಕ್ಕಾಚಾರ, ಸಣ್ಣ ಪ್ರಯೋಗಗಳು ಮತ್ತು ಪರಿಣತರ ತೀರ್ಮಾನ. ಆ ವಿಜ್ಞಾನ ಸಡಿಲವಾದರೆ ಮೊದಲು ಕಾಣಿಸುವುದು ಮತ್ತೆ ಸ್ಫೋಟ ಪರೀಕ್ಷೆ ಮಾಡೋಣ ಎಂಬ ಒತ್ತಡ. ನಮಗೆ ಅದರ ಭಯವಿದೆ.

ಈಗಿನ ಅಳತೆ ಹೇಗಿದೆ ನೋಡಿ. ಈ ಪ್ರಯೋಗಾಲಯಗಳ ಉಸ್ತುವಾರಿ ಹೊತ್ತ ಸರ್ಕಾರಿ ಸಂಸ್ಥೆ, ರಾಷ್ಟ್ರೀಯ ಪರಮಾಣು ಭದ್ರತಾ ಆಡಳಿತ, ವರ್ಷಾರಂಭದಲ್ಲಿ ಗುರಿಗಳ ಪಟ್ಟಿ ಕೊಡುತ್ತದೆ, ವರ್ಷಾಂತ್ಯದಲ್ಲಿ ದರ್ಜೆ ಕೊಡುತ್ತದೆ. ದರ್ಜೆಯ ಮೇಲೆ ಪ್ರಯೋಗಾಲಯವನ್ನು ನಡೆಸುವ ಗುತ್ತಿಗೆ ಸಂಸ್ಥೆಯ ಶುಲ್ಕ ನಿಂತಿದೆ. ಲಾಸ್ ಅಲಾಮೋಸ್ 2006ರಲ್ಲಿ, ಲಿವರ್‌ಮೋರ್ 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೈಯಿಂದ ಜಂಟಿ ಕಂಪನಿಗಳಿಗೆ ಹೋದ ಮೇಲಂತೂ ಆ ಶುಲ್ಕ ಹಲವು ಪಟ್ಟು ಹೆಚ್ಚಿತು. ದಿನಾಂಕಕ್ಕೆ ಸರಿಯಾಗಿ ಗುರಿ ಮುಟ್ಟಿದರೆ ಅಂಕ ಸಿಗುತ್ತದೆ ಎಂದಾಗ, ಖಂಡಿತ ಮುಗಿಯುವ ಪ್ರಯೋಗವನ್ನೇ ಆರಿಸಿಕೊಳ್ಳುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಪ್ರಬಂಧಗಳನ್ನು ಎಣಿಸಿಯೂ ಪ್ರಯೋಜನವಿಲ್ಲ. ಅಸ್ತ್ರ ವಿಭಾಗದ ಬಹುಪಾಲು ಕೆಲಸ ರಹಸ್ಯ. ಹೊರಗೆ ಅಚ್ಚಾಗುವುದು ಅದರ ಅಂಚು ಮಾತ್ರ.

ನಿಮ್ಮ ಕ್ಷೇತ್ರದಲ್ಲೇ ಇರುವ 192 ಲೇಸರ್ ಕಿರಣಗಳ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯನ್ನು ತೆಗೆದುಕೊಳ್ಳಿ. 2012ರ ಸೆಪ್ಟೆಂಬರ್ ಅಂತ್ಯದೊಳಗೆ ಸಮ್ಮಿಳನದ (ಹಗುರ ಪರಮಾಣು ಬೀಜಗಳು ಬೆಸೆದು ಶಕ್ತಿ ಹೊಮ್ಮುವ ಕ್ರಿಯೆಯ) ಕಿಡಿ ಹೊತ್ತಿಸುವುದು ಗುರಿಯಾಗಿತ್ತು. ಹೊತ್ತುತ್ತದೆ ಎಂದು ಕಂಪ್ಯೂಟರ್ ಹೇಳಿತ್ತು, ಹೊತ್ತಲಿಲ್ಲ. ಲೇಸರ್ ಬಲದಿಂದ ಹಿಂಡಿ ಕುಗ್ಗಿಸಬೇಕಾದ, ಇಂಧನ ತುಂಬಿದ ಗೋಲಿಯ ವ್ಯಾಸ ಸುಮಾರು 2 ಮಿಲಿಮೀಟರ್, ಹೆಚ್ಚುಕಡಿಮೆ ಎಳ್ಳಿನ ಕಾಳಿನಷ್ಟು. ಅದನ್ನು ನಡುವೆ ಹಿಡಿದು ನಿಲ್ಲಿಸುವುದು ಕೆಲವೇ ಹತ್ತು ನ್ಯಾನೋಮೀಟರ್ ದಪ್ಪದ ಪ್ಲಾಸ್ಟಿಕ್ ಪೊರೆ. ಪೊರೆ ಗೋಲಿಯನ್ನು ಬಿಟ್ಟು ಮೇಲೇಳುವ ಕಡೆ ಉಳಿಯುವ ಸಣ್ಣ ಗೆರೆ, ಗೋಲಿ ಕುಗ್ಗುವಾಗ ಬೆಳೆದು ಬಿರುಕಿನಂತಾಗುತ್ತದೆ. ಇಂಧನ ತುಂಬುವ ಕೊಳವೆಯ ಅಗಲ 10 ಮೈಕ್ರೋಮೀಟರ್. ಅಷ್ಟೇ ಸಾಕು, ಅದರ ಜಾಡಿನಲ್ಲಿ ಗೋಲಿಯ ಹೊರಕವಚದ ಚೂರು ಚಿಮ್ಮಿ ಒಳಗಿನ ಬಿಸಿ ಬಿಂದುವನ್ನು ತಣ್ಣಗಾಗಿಸಲು. ಲೇಸರ್ ಒತ್ತಡವೂ ಎಲ್ಲ ದಿಕ್ಕಿನಲ್ಲಿ ಸಮನಾಗಿರಲಿಲ್ಲ. ಇವುಗಳ ಪೆಟ್ಟು ಎಷ್ಟೆಂಬುದನ್ನು ಅಂದಿನ ಲೆಕ್ಕಾಚಾರ ಸರಿಯಾಗಿ ಹಿಡಿದಿರಲಿಲ್ಲ.

ದರ್ಜೆಯ ಪುಸ್ತಕದಲ್ಲಿ ಅದು ಸೋಲು. ಆದರೆ ಮುಂದಿನ ವರ್ಷಗಳಲ್ಲಿ ಆ ತಂಡ ಮಾಡಿದ್ದೇ ಒಳ್ಳೆಯ ವಿಜ್ಞಾನ: ಎಲ್ಲಿ ತಪ್ಪಿದೆ ಎಂದು ಒಂದೊಂದನ್ನೇ ಬಿಡಿಸಿ ಅಳೆದರು. ಕೊಳವೆ 5ಕ್ಕೆ, ಆಮೇಲೆ 2 ಮೈಕ್ರೋಮೀಟರ್‌ಗೆ ಇಳಿಯಿತು. ಪ್ಲಾಸ್ಟಿಕ್ ಗೋಲಿಯ ಜಾಗಕ್ಕೆ ವಜ್ರದ ಗೋಲಿ ಬಂತು. 2021ರ ಆಗಸ್ಟ್ 8ರಂದು ಸುಮಾರು 1.3 ಮೆಗಾಜೂಲ್ ಸಮ್ಮಿಳನ ಶಕ್ತಿ ಸಿಕ್ಕಿತು. ಅದೇ ವಿನ್ಯಾಸವನ್ನು ಮತ್ತೆ ಮಾಡಲು ಹೋದಾಗ ಅದರ ಹತ್ತಿರಕ್ಕೂ ಬರಲಿಲ್ಲ, ಏಕೆಂದರೆ ಗೋಲಿಯ ಗೋಡೆಯಲ್ಲಿದ್ದ ಸೂಕ್ಷ್ಮ ಗುಳಿ, ಪೊಳ್ಳುಗಳೇ ಫಲಿತಾಂಶವನ್ನು ಏರುಪೇರು ಮಾಡುತ್ತಿದ್ದವು. 2022ರ ಡಿಸೆಂಬರ್ 5ರಂದು 2.05 ಮೆಗಾಜೂಲ್ ಲೇಸರ್ ಶಕ್ತಿ ಕೊಟ್ಟು 3.15 ಮೆಗಾಜೂಲ್ ಪಡೆದರು. (ಆ ಲೇಸರ್ ಉರಿಸಲು ವಿದ್ಯುತ್ ಜಾಲದಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ನಾಳೆಯೇ ವಿದ್ಯುತ್ ಸ್ಥಾವರ ಎನ್ನುವವರಿಗೆ ದಯವಿಟ್ಟು ಈ ಅಂಕಿಯನ್ನೂ ಹೇಳಿ.) ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಕಿಡಿ ಹೊತ್ತುವ ಸಂಭವ ಶೇ 70ಕ್ಕೂ ಹೆಚ್ಚು ಎಂದು ತಂಡ ಆ ಪ್ರಯೋಗಕ್ಕೆ ಮೊದಲೇ ಅಂದಾಜು ಮಾಡಿತ್ತು.

ಇದನ್ನೇ ನಿಯಮ ಮಾಡಿ. ಪ್ರತಿ ದೊಡ್ಡ ಪ್ರಯೋಗಕ್ಕೆ ಮೊದಲು, ನೆವಾಡಾದ ನೆಲದಡಿ ನಡೆಯುವ ಉಪ-ಕ್ರಾಂತಿಕ (ಸರಪಳಿ ಕ್ರಿಯೆ ತಾನಾಗಿ ಮುಂದುವರಿಯುವ ಮಟ್ಟ ಮುಟ್ಟದ) ಪ್ರಯೋಗಗಳೂ ಸೇರಿ, ಏನಾಗಬಹುದು ಎಂಬ ಅಂದಾಜನ್ನು ಮೇಲಿನ, ಕೆಳಗಿನ ಮಿತಿ ಸಹಿತ ಬರೆದು, ವಿನ್ಯಾಸ ತಂಡದ ಹೊರಗಿನವರ ಕೈಗೆ ಮುಚ್ಚಿ ಕೊಡಲಿ. ಮಿತಿಯೊಳಗೆ ಬರುವ ಖಾತರಿ ಶೇ 90 ಎಂದಿದ್ದರೆ ನೂರು ಅಳತೆಗಳಲ್ಲಿ ತೊಂಬತ್ತರ ಆಸುಪಾಸು ಒಳಗೆ ಬೀಳಬೇಕು. ಅರುವತ್ತೇ ಬಿದ್ದರೆ ತಮ್ಮ ಮೇಲೆ ಅತಿಯಾದ ನಂಬಿಕೆ. ನೂರೂ ಬಿದ್ದರೆ ಮಿತಿಯನ್ನೇ ಬೇಕೆಂದು ಅಗಲ ಮಾಡಿಕೊಂಡಿದ್ದಾರೆ. ಪ್ರಯೋಗದ ವಿವರ ರಹಸ್ಯವಾಗಿಯೇ ಇರಲಿ, ಎಷ್ಟಕ್ಕೆ ಎಷ್ಟು ಎಂಬ ಲೆಕ್ಕ ಪ್ರತಿನಿಧಿ ಸಭೆಯ ಸಂಬಂಧಪಟ್ಟ ಸಮಿತಿಗೆ ಸಿಗಲಿ.

ಇದು ಏಕೆ ತುರ್ತು ಎಂದರೆ, ಅಸ್ತ್ರಗಳ ಮೇಲಿನ ಭರವಸೆಯ ಲೆಕ್ಕ ಒಂದು ಭಾಗಾಕಾರದ ಮೇಲೆ ನಿಂತಿದೆ: ಸೋಲಿನ ಅಂಚಿನಿಂದ ಎಷ್ಟು ದೂರ ಇದ್ದೇವೆ ಎಂಬುದನ್ನು ನಮ್ಮ ಅನಿಶ್ಚಿತತೆ ಎಷ್ಟು ಎಂಬುದರಿಂದ ಭಾಗಿಸುತ್ತಾರೆ. ಉತ್ತರ ಒಂದಕ್ಕಿಂತ ಚೆನ್ನಾಗಿ ದೊಡ್ಡದಿರಬೇಕು. ಭಾಗಿಸುವ ಅಂಕಿಯನ್ನು, ಅಂದರೆ ಅನಿಶ್ಚಿತತೆಯನ್ನು, ಅಂದಾಜು ಮಾಡುವವರೂ ಪ್ರಯೋಗಾಲಯದ ಅದೇ ತಂಡದವರು, ಅವರ ಕಂಪ್ಯೂಟರ್ ಕೋಡ್‌ಗಳನ್ನು ಹೊಂದಿಸಿರುವುದೂ 1992ಕ್ಕೆ ಹಿಂದಿನ ಸ್ಫೋಟಗಳ ದತ್ತಾಂಶಕ್ಕೆ. ಅನಿಶ್ಚಿತತೆಯನ್ನು ಕಡಿಮೆ ಬರೆದರೆ ಉತ್ತರ ತಾನಾಗಿಯೇ ಚೆಂದ ಕಾಣುತ್ತದೆ. ಯಾರೂ ಮೋಸ ಮಾಡಬೇಕಿಲ್ಲ.

ಹೊರಗಿನವರ ಕಣ್ಣು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಪ್ಲುಟೋನಿಯಂ ಸಾಕ್ಷಿ. ಬೇಗ ಕ್ಷಯಿಸುವ ಪ್ಲುಟೋನಿಯಂ-238 ಬೆರೆಸಿ ಲೋಹಕ್ಕೆ ಬೇಗ ವಯಸ್ಸಾಗುವಂತೆ ಮಾಡಿ ಪ್ರಯೋಗಾಲಯಗಳು ಅಧ್ಯಯನ ನಡೆಸಿದವು. ಅದನ್ನು ಪರಿಶೀಲಿಸಿದ ಸ್ವತಂತ್ರ ವಿಜ್ಞಾನಿಗಳ ಜೇಸನ್ ತಂಡ, ಬಹುತೇಕ ಬಗೆಯ ಅಸ್ತ್ರಗರ್ಭಗಳು (ಅಸ್ತ್ರದೊಳಗಿನ ಪ್ಲುಟೋನಿಯಂ ತಿರುಳುಗಳು) ಕನಿಷ್ಠ ನೂರು ವರ್ಷ ಬಾಳುತ್ತವೆ ಎಂದು 2006ರಲ್ಲಿ ಹೇಳಿತು. ಅದೇ ತಂಡ 2019ರಲ್ಲಿ, ಈ ಅಧ್ಯಯನವನ್ನು ಮತ್ತೆ ಗಮನವಿಟ್ಟು ನಡೆಸಿ ಎಂದಿತು. ಸಮಾಧಾನವನ್ನೂ ಎಚ್ಚರವನ್ನೂ ಒಬ್ಬರೇ ಹೇಳಬಲ್ಲರು, ಅವರ ಶುಲ್ಕ ಉತ್ತರದ ಮೇಲೆ ನಿಂತಿಲ್ಲದಿದ್ದರೆ.

ಪ್ರಯೋಗಾಲಯದ ವಿಜ್ಞಾನವನ್ನು ಪರಿಶೀಲಿಸುವ ವಿಮರ್ಶಾ ಸಮಿತಿಯ ಸದಸ್ಯರಲ್ಲಿ ಮೂರನೇ ಒಂದು ಭಾಗವನ್ನಾದರೂ ನಿರ್ದೇಶಕರ ಬದಲು ರಾಷ್ಟ್ರೀಯ ಅಕಾಡೆಮಿಗಳು ಆರಿಸಲಿ. ಹೊಸಬರಿಗೆ ರಹಸ್ಯ ಅನುಮತಿ ಸಿಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಪಟ್ಟಿ ವರ್ಷ ಮೊದಲೇ ಸಿದ್ಧವಾಗಬೇಕು; ಇಲ್ಲದಿದ್ದರೆ ಅನುಮತಿ ಇರುವ ಹಳಬರೇ ಮತ್ತೆ ಮತ್ತೆ ಬರುತ್ತಾರೆ. ಮೇಲಧಿಕಾರಿಗಳಿಲ್ಲದ ಕೋಣೆಯಲ್ಲಿ ಕಿರಿಯ ಸಂಶೋಧಕರ ಜೊತೆ ಅವರು ಒಂದು ಇಡೀ ದಿನ ಕೂರಲಿ. ಪ್ರಯೋಗ ಮಾಡಬೇಕೆಂದು ಅರ್ಜಿ ಕೊಟ್ಟ ದಿನದಿಂದ ಅದು ನಡೆದ ದಿನದವರೆಗೆ ಎಷ್ಟು ತಿಂಗಳಾಯಿತು ಎಂದು ಕೇಳಲಿ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ಕೇಳಿ ಮಾಡಿಸಿದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಅಧ್ಯಯನ, ಪರಮಾಣು ಭದ್ರತಾ ಆಡಳಿತಕ್ಕೂ ಪ್ರಯೋಗಾಲಯಗಳಿಗೂ ನಡುವೆ ನಂಬಿಕೆ ಮುರಿದಿರುವುದನ್ನೂ, ಕಾಗದಪತ್ರದ ಹೊರೆಯಲ್ಲಿ ಪ್ರಯೋಗ ಕಷ್ಟವಾಗುತ್ತಿರುವುದನ್ನೂ ಹತ್ತು ವರ್ಷಗಳಿಗೂ ಹಿಂದೆಯೇ ಹೇಳಿತ್ತು.

ಸುರಕ್ಷತೆಯನ್ನು ಸಡಿಲ ಮಾಡಿ ಎಂದು ನಾವು ಹೇಳುತ್ತಿಲ್ಲ. ಲಾಸ್ ಅಲಾಮೋಸ್‌ನಲ್ಲಿ ವಿಕಿರಣಶೀಲ ತ್ಯಾಜ್ಯದ ಡ್ರಮ್ಮಿಗೆ ಮಣ್ಣಿನ ಪುಡಿಯ ಬದಲು, ಸಾಕುಬೆಕ್ಕಿನ ಮಲಮೂತ್ರ ಹೀರಲು ಬಳಸುವ ಗೋಧಿಯ ಪುಡಿ ಸೇರಿತು. ನೈಟ್ರೇಟ್ ಲವಣಕ್ಕೆ ಉರಿಯಲು ಸರಕು ಸಿಕ್ಕಂತಾಯಿತು. 2014ರ ಫೆಬ್ರುವರಿ 14ರಂದು ನ್ಯೂ ಮೆಕ್ಸಿಕೋದ ಭೂಗತ ತ್ಯಾಜ್ಯ ಕೇಂದ್ರದಲ್ಲಿ ಆ ಡ್ರಮ್ಮಿನ ಮುಚ್ಚಳ ಕಿತ್ತು ಬಂತು. ಕೇಂದ್ರ ಹತ್ತಿರಹತ್ತಿರ ಮೂರು ವರ್ಷ ಮುಚ್ಚಿತು. ಯಾವ ಪುಡಿ ಹಾಕಬೇಕೆಂದು ಹೇಳುವ ಕೆಲಸದ ವಿಧಾನದ ಬರಹದಲ್ಲಿ ಬದಲಾದ ಒಂದು ಪದವನ್ನು ರಸಾಯನಶಾಸ್ತ್ರ ಬಲ್ಲವರು ಓದಬೇಕಿತ್ತು. ಸಹಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಅಂಥ ಓದು ನಡೆಯುವುದಿಲ್ಲ.

ಮುಂದಿನ ವಿಚಾರಣೆಯಲ್ಲಿ ಮೂವರೂ ನಿರ್ದೇಶಕರು ಸಾಕ್ಷಿ ಹೇಳಲು ಬಂದಾಗ ಇಷ್ಟು ಕೇಳಿ: ಕಳೆದ ವರ್ಷ ಎಷ್ಟು ಪ್ರಯೋಗಗಳಿಗೆ ಮೊದಲೇ ಅಂದಾಜು ಬರೆದಿಟ್ಟಿರಿ, ಎಷ್ಟು ಸರಿಹೋದವು, ಸರಿಹೋಗದವುಗಳ ಕಾರಣವನ್ನು ಹುಡುಕುತ್ತಿರುವವರು ಯಾರು?

ಇಂತಿ,
ತಮ್ಮ ವಿಶ್ವಾಸಿಗಳು,
ಟ್ರೈ-ವ್ಯಾಲಿಯ ಕನ್ನಡಿಗ ಮತದಾರರು